ಹಗೆಯ ಪದ್ಯ

"ಗುರುಗಳೇ, ಅರಮನೆಯಿಂದ ನನಗೆ ಕರೆ ಬಂದಿದೆ. ಅಧಿಕಾರದಲ್ಲಿ ಕುಳಿತವನು ಕವಿಯಾಗಿಯೂ ಉಳಿಯಬಹುದೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಶತ್ರು ಬಿದ್ದಾಗ ಹಿಗ್ಗಬಾರದು. ಇದು ಯಹೂದಿಗಳ ಶಾಸ್ತ್ರದ ಮಾತು. ಹಿಂದೆ ಪಡುವಣ ಸೀಮೆಯ ಒಂದು ಪಟ್ಟಣದಲ್ಲಿ ಅವರ ಕೇರಿಗೆ ಕೇರಿಯೇ ಒಂದು ದಿನ ಇದನ್ನು ಮುರಿಯಿತು.

ಆ ಪಟ್ಟಣದ ದೊರೆಗೆ ಒಬ್ಬ ಯಹೂದಿ ಮಂತ್ರಿಯಿದ್ದ. ದೊರೆಯ ಮತ ಬೇರೆ, ಮಂತ್ರಿಯ ಮತ ಬೇರೆ. ಆದರೂ ಬೊಕ್ಕಸ, ಸೈನ್ಯ ಎರಡೂ ಮಂತ್ರಿಯ ಕೈಯಲ್ಲಿದ್ದವು. ಅವನು ಶಾಸ್ತ್ರ ಓದಿದವನು, ಕವಿಯೂ ಆಗಿದ್ದ. ಪಾಳೆಯದ ಡೇರೆಯಲ್ಲಿ ಕುಳಿತೇ ಪದ್ಯ ಕಟ್ಟುತ್ತಿದ್ದ.

ನೆರೆರಾಜ್ಯದ ಮಂತ್ರಿಯೂ ಕವಿಯೇ. ಇಬ್ಬರಿಗೂ ಬದ್ಧದ್ವೇಷ. ಆ ಸೀಮೆಯಲ್ಲಿ ಪದ್ಯದ ಜಗಳಕ್ಕೂ ಒಂದು ಪದ್ಧತಿಯಿತ್ತು. ಒಬ್ಬ ಬೈದು ಪದ್ಯ ಕಟ್ಟಿದರೆ ಇನ್ನೊಬ್ಬ ಅದೇ ಧಾಟಿಯಲ್ಲಿ, ಅದೇ ಪ್ರಾಸದಲ್ಲಿ ತಿರುಗಿ ಕಟ್ಟಬೇಕು. ಕಟ್ಟದವನು ಸೋತಂತೆ. ಇಬ್ಬರೂ ಬಹುಕಾಲ ಹೀಗೆ ಕಾದಿದರು; ಯಾರೂ ಸೋಲಲಿಲ್ಲ.

ಕೊನೆಗೆ ನಿಜವಾದ ಯುದ್ಧವೇ ನಡೆಯಿತು. ಹಿಂದಿನ ದಿನ ಹಗೆಯಿಂದ ಒಂದು ಪದ್ಯ ಬಂದಿತ್ತು. ಮರುದಿನ ಹಗೆ ರಣದಲ್ಲಿ ಸತ್ತ. ಆ ಪದ್ಯಕ್ಕೆ ಮಂತ್ರಿಯ ಉತ್ತರ ಅಷ್ಟರಲ್ಲೇ ಸಿದ್ಧವಾಗಿತ್ತು. ಅಷ್ಟು ಚೆನ್ನಾದ ಪದ್ಯವನ್ನು ಅವನು ಹಿಂದೆಂದೂ ಕಟ್ಟಿರಲಿಲ್ಲ. ಅದು ಅವನಿಗೂ ಗೊತ್ತಿತ್ತು.

ಪಟ್ಟಣ ಹಬ್ಬ ಮಾಡಿತು. ಯಹೂದಿಗಳ ಕೇರಿಯೂ ಕುಣಿಯಿತು. ಶಾಸ್ತ್ರ ಬಲ್ಲ ಹಿರಿಯರೇ ಮುಂದೆ ನಿಂತು ಕುಣಿದರು. ಸಂಜೆ ಒಡ್ಡೋಲಗದಲ್ಲಿ ದೊರೆ ಮಂತ್ರಿಯ ಕಡೆ ತಿರುಗಿದ.

"ಏನಯ್ಯಾ, ನಿನ್ನ ಸರದಿ ಬಾಕಿಯಿದೆಯಲ್ಲ. ಸತ್ತವನ ಮಾನ ಇನ್ನೂ ಸ್ವಲ್ಪ ಉಳಿದಿದೆಯಂತೆ. ಅದನ್ನೂ ಕಳೆ."

ಸಭೆ ನಕ್ಕಿತು. ಮಂತ್ರಿ ಏಳಲಿಲ್ಲ. ದೊರೆಯ ಹುಬ್ಬು ಗಂಟಿಕ್ಕಿತು. ಮಂತ್ರಿಯ ಪಕ್ಕದಲ್ಲಿದ್ದ ಅವನ ಹೆಣ್ಣುಕೊಟ್ಟ ಮಾವ ಬಗ್ಗಿ ಪಿಸುಗುಟ್ಟಿದ: "ಅಳಿಯಂದಿರೇ, ನಮ್ಮ ಕೇರಿಯೆಲ್ಲ ನಿಮ್ಮ ಪದವಿಯ ನೆರಳಲ್ಲಿದೆ. ಒಂದು ಪದ್ಯ ಹಾಡಿದರೆ ನಿಮ್ಮ ಗಂಟೇನು ಹೋಗುತ್ತದೆ?"

ಮಾವನ ಮಾತು ಸುಳ್ಳಲ್ಲವೆಂದು ಮಂತ್ರಿಗೆ ಗೊತ್ತಿತ್ತು. ಹಾಡುವ ಆಸೆಯೂ ಇತ್ತು. ಪದ್ಯ ನಾಲಿಗೆಯ ತುದಿಯಲ್ಲೇ ಇತ್ತು. ಅವನು ಎದ್ದು ಕೈಮುಗಿದ.

"ಮಹಾಸ್ವಾಮಿ, ತಮ್ಮ ಗೆಲುವನ್ನು ಎಷ್ಟು ಬೇಕಾದರೂ ಹಾಡುತ್ತೇನೆ. ಆದರೆ ತಿರುಗಿ ಬೈಯಲಾರದವನನ್ನು ಬೈಯುವುದು ನಮ್ಮ ಜಗಳದ ಪದ್ಧತಿಯಲ್ಲ. ಪದ್ಯದಲ್ಲಿ ಗೆದ್ದವನು ಅವನೇ."

ಹಾಗೆಂದು ತನ್ನ ಪದ್ಯ ಬಿಟ್ಟು, ತನ್ನನ್ನು ಬೈದು ಹಗೆ ಕಟ್ಟಿದ್ದ ಪದ್ಯವನ್ನೇ ತುಂಬು ಕಂಠದಲ್ಲಿ ಹಾಡತೊಡಗಿದ:

"ಓದುವ ಮಣೆ ಬಿಟ್ಟು ಯುದ್ಧಕ್ಕೆ ಎದ್ದ,
ಕುದುರೆಯ ಮೇಲೇರಿ ಹಿಂದುಮುಂದಾಗಿ ಕುಳಿತ,
ಬಾಲವ ನೋಡುತ್ತ ಕೇಳಿದ ಶಾಸ್ತ್ರಿ:
ಇದರ ಮುಖವೆಲ್ಲಿ, ಕಂಡಿರೇ ಯಾರಾದರೂ?"

ಒಬ್ಬ ದಳವಾಯಿ ತಡೆಯಲಾರದೆ ನಕ್ಕ. ದೊರೆಯ ಮುಖ ನೋಡಿ ಬಾಯಿ ಮುಚ್ಚಿಕೊಂಡ. ಮಾವ ಕಣ್ಣು ಮುಚ್ಚಿಕೊಂಡ. ಮಂತ್ರಿ ಒಂದಕ್ಷರ ನುಂಗದೆ ಪೂರ್ತಿ ಹಾಡಿದ. ಕೊನೆಯಲ್ಲಿ, ಕಟ್ಟಿದವನ ಹೆಸರು ಬರುವ ಕಡೆ, ಸತ್ತವನ ಹೆಸರನ್ನು ಮೆಲ್ಲಗಲ್ಲ, ಎಲ್ಲರಿಗೂ ಕೇಳುವಂತೆ ಹೇಳಿದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಕಾದ.

"ಆಮೇಲೆ ದೊರೆ ಅವನನ್ನು ಏನು ಮಾಡಿದ, ಗುರುಗಳೇ?"

"ಹಾಡುವ ಮೊದಲು ಅವನು ಆ ಪ್ರಶ್ನೆ ಕೇಳಲಿಲ್ಲ," ಎಂದರು ಗುರುಗಳು.