ಇಂಜಿನ್ ಕೇಳಿದ ಜಾಗ

ದೂರದ ಕಡಲಿಗೆ ಹೊರಟು ನಿಂತಿದ್ದ ಹಾಯಿದೋಣಿಗೆ ದಡದ ದಕ್ಕೆಯ ಮೇಲಿದ್ದ ಹಳೆಯ ಇಂಜಿನ್ ಹೇಳಿತು: “ನನ್ನನ್ನು ಹೊಟ್ಟೆಯೊಳಗೆ ಕೂರಿಸಿಕೋ. ಆಮೇಲೆ ಗಾಳಿಯ ಹಂಗೇ ಇರುವುದಿಲ್ಲ.”

“ನಿನಗೆಷ್ಟು ಜಾಗ ಬೇಕು?”

“ಒಲೆ, ಅಕ್ಕಿಮೂಟೆ, ಹಾಸಿಗೆ ಇರುವಷ್ಟು. ಅವನ್ನೆಲ್ಲ ತೆಗೆದುಹಾಕು. ಡೀಸೆಲ್ ಬೇರೆ ಬೇಕು.”

“ನನ್ನ ಒಡತಿ ಮಾದೇವಿಯ ಕೈಯಲ್ಲಿರುವುದು ಅಕ್ಕಿಗಾಗುವಷ್ಟೇ ದುಡ್ಡು. ಗಾಳಿಯ ಹಂಗು ನನಗಿರಲಿ. ಅದು ಹೊಟ್ಟೆಯೊಳಗೆ ಜಾಗ ಕೇಳುವುದಿಲ್ಲ,” ಎಂದು ದೋಣಿ ಹಾಯಿ ಬಿಚ್ಚಿ ಹೊರಟಿತು.

ಕೂಗಳತೆ ದೂರ ಹೋಗುವಷ್ಟರಲ್ಲಿ ಗಾಳಿ ನಿಂತುಹೋಯಿತು. ಮಾದೇವಿ ಲಂಗರು ಇಳಿಸಿ, ಒಲೆ ಹಚ್ಚಿದಳು.

“ಏನು, ಅಲ್ಲೇ ನಿಂತುಬಿಟ್ಟೆಯಲ್ಲ?” ಎಂದು ಇಂಜಿನ್ ದಕ್ಕೆಯಿಂದ ಕೂಗಿತು.

“ನಿಂತಿದ್ದೇನೆ, ನಿಜ. ಗಾಳಿ ಏಳುವವರೆಗೂ ನಿಂತೇ ಇರುತ್ತೇನೆ,” ಎಂದಿತು ದೋಣಿ. “ಆದರೆ ನೀನು ಕೇಳಿದ ಜಾಗದಲ್ಲಿ ಈಗ ಅನ್ನ ಬೇಯುತ್ತಿದೆ.”