ನೀಲವ್ವನ ಡ್ರೋನು, ಚೆನ್ನವೀರನ ಹತ್ತು ಹೆಜ್ಜೆ

ತೊಗರಿ ಬೆಳೆಯುವ ಊರೊಂದರಲ್ಲಿ ನೀಲವ್ವ ಅಂತ ಒಬ್ಬಳಿದ್ದಳು. ಅವಳಿಗೆ ಚೆನ್ನವೀರ ಒಬ್ಬನೇ ಮಗ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ತಾಯಿಯ ತಲೆನೋವು.

ಆ ವರ್ಷ ಮಳೆಯ ಸುದ್ದಿ ಫೋನಿಗೇ ಬರತೊಡಗಿತು. ಫೋನು ಮಳೆ ಅಂದರೆ ಅಂಗಳದಲ್ಲಿದ್ದದ್ದನ್ನೆಲ್ಲ ಒಳಗೆ ತಾ ಎಂದು ಹೇಳಿ ನೀಲವ್ವ ಸಂತೆಗೆ ಹೋದಳು. ತಿರುಗಿ ಬಂದು ನೋಡುತ್ತಾಳೆ, ಮೆಣಸಿನಕಾಯಿ ಒಳಗೆ, ಎಮ್ಮೆ ಒಳಗೆ, ಅಂಗಳದ ಹೊರಸಿನ ಮೇಲೆ ನಿದ್ದೆಹೋಗಿದ್ದ ಪಕ್ಕದ ಮನೆಯ ಸಿದ್ರಾಮಜ್ಜನೂ ಹೊರಸಿನ ಸಮೇತ ಒಳಗೆ, ಎಮ್ಮೆಯ ಪಕ್ಕದಲ್ಲಿ.

"ಕೇಳದೆ ಯಾವುದಕ್ಕೂ ಕೈ ಹಚ್ಚಬ್ಯಾಡ," ಎಂದು ಬೈದಳು. "ಮೊದಲ ಕೇಳು, ಹೂಂ ಅಂದಮ್ಯಾಲ ಹಚ್ಚು."

ಆಗಲಿ ಅಂದ.

ಆಮೇಲೆ ಹೊಲದಲ್ಲಿ ನೆಲದ ತೇವ ಅಳೆಯುವ ಯಂತ್ರ ನೆಟ್ಟರು. ಅದರಲ್ಲಿ ಕೆಂಪು ದೀಪ ಹತ್ತಿದರೆ ಮೋಟರು ಹಾಕು ಎಂದಳು ತಾಯಿ. ದೀಪ ಹತ್ತಿತು. ಚೆನ್ನವೀರ ಮೋಟರಿಗೆ ಕೈಮುಗಿದು, ಹಾಕಲೇ ಎಂದು ಕೇಳಿದ. ಅದು ಹೂಂ ಅನ್ನಲಿಲ್ಲ. ಸಂಜೆಯವರೆಗೂ ಕೇಳಿದ. ಗಿಡ ಬಾಡಿದವು.

"ಯಂತ್ರಕ್ಕ ಬಾಯಿ ಇರ್ತದೇನೋ? ಕೆಂಪು ದೀಪ ಕಂಡ್ರ ಸುಮ್ಮ ನೀರ ಬಿಡು."

ಆಗಲಿ ಅಂದ.

ತೊಗರಿಗೆ ಹುಳ ಬಿತ್ತು. ಔಷಧಿ ಹೊಡೆಯುವ ಡ್ರೋನನ್ನು ಹಾರಿಸಲು ಊರ ಹೆಂಗಸರಲ್ಲಿ ಮೊದಲು ಕಲಿತವಳು ನೀಲವ್ವನೇ. ಪರೀಕ್ಷೆಯ ದಿನ ಸರಿಯಾಗಿ ಹಾರಿಸಿದರೆ ಡ್ರೋನು ಅವಳ ಮಹಿಳಾ ಸಂಘಕ್ಕೆ ಎಂದು ಕಲಿಸುವವರು ಹೇಳಿದ್ದರು. ಊರೆಲ್ಲ ಬದುವಿನ ಮೇಲೆ ನಿಂತಿತ್ತು. ಡ್ರೋನು ಎದ್ದಿತು. ಅದರ ಹೊಟ್ಟೆಯಡಿ ಕೆಂಪು ದೀಪ ಮಿನುಗಿತು. ಚೆನ್ನವೀರ ಪೈಪು ಹಿಡಿದು ನೀರು ಬಿಟ್ಟ.

ಡ್ರೋನು ತೊಗರಿಯೊಳಗೆ ಬಿತ್ತು. ನೀಲವ್ವ ಓಡಿದಳು. ಅದನ್ನು ಎತ್ತಿಕೊಂಡು ಸೆರಗಿನಿಂದ ಒರೆಸಿದಳು. ಕಲಿಸಲು ಬಂದಿದ್ದ ಮೇಡಮ್ಮು ಪರೀಕ್ಷಿಸಿ, ಏನೂ ಆಗಿಲ್ಲ, ಇನ್ನೊಮ್ಮೆ ಹಾರಿಸು ಎಂದರು.

ನೀಲವ್ವ ಮಗನ ಕಡೆ ತಿರುಗಿದಳು. "ಇನ್ನ ಇದರಿಂದ ಹತ್ತು ಹೆಜ್ಜಿ ದೂರ ಇರು. ಎಂದೂ ಹತ್ರ ಬರಬ್ಯಾಡ."

ಡ್ರೋನು ಸಾಲು ಹಿಡಿದು ಹೊರಟಿತು. ಅದಕ್ಕಿಂತ ಹತ್ತು ಹೆಜ್ಜೆ ಮುಂದೆ ಚೆನ್ನವೀರ ಓಡಿದ. ಅದು ತಿರುಗಿದರೆ ಅವನೂ ತಿರುಗಿದ. ಇಪ್ಪತ್ತು ಸಾಲು ಮುಗಿಯುವಷ್ಟರಲ್ಲಿ ಜನ ನಕ್ಕು ನಕ್ಕು ಬದುವಿನ ಮೇಲೇ ಕೂತುಬಿಟ್ಟಿದ್ದರು. ನೀಲವ್ವ ಮಾತ್ರ ಕಣ್ಣು ಕದಲಿಸಲಿಲ್ಲ. ಗೆದ್ದಳು.

ಡ್ರೋನನ್ನು ಮನೆಗೆ ತಂದು ಪಡಸಾಲೆಯಲ್ಲಿಟ್ಟಳು. ರೊಟ್ಟಿ ಬಡಿದು ಮಗನನ್ನು ಕರೆದರೆ, ಅವನು ಬಾಗಿಲಾಚೆ ಹೆಜ್ಜೆ ಎಣಿಸುತ್ತಿದ್ದ. ಹತ್ತನೆಯದು ತಿಪ್ಪೆಯ ಮೇಲೆ ಬಿತ್ತು. ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತ.

"ಅವ್ವಾ, ರೊಟ್ಟಿ ಇಲ್ಲೇ ತಾ."

ನೀಲವ್ವ ಬೈಯಲು ಬಾಯಿ ತೆರೆದಳು. ಈಗೊಂದು ಬುದ್ಧಿ ಹೇಳಿದರೆ ನಾಳೆ ಏನಾದೀತೋ ಎಂದು ಮುಚ್ಚಿಕೊಂಡಳು. ತಾಟು ಹಿಡಿದು ತಿಪ್ಪೆಯತ್ತ ನಡೆದಳು.