ಮಂಚದ ತಲೆದೆಸೆಯವನು

"ಬುದ್ಧೀ, ನಮ್ಮ ಮಠದ ಔಷಧಾಲಯದಲ್ಲಿ ನಾಟಿ ಪಂಡಿತರೂ ಇಂಗ್ಲಿಷ್ ಡಾಕ್ಟರೂ ಒಂದೇ ಸೂರಿನಡಿ ಕೆಲಸ ಮಾಡುತ್ತಿದ್ದಾರೆ. ಜಗಳವಿಲ್ಲ. ಒಬ್ಬರ ತಂಟೆಗೆ ಒಬ್ಬರು ಹೋಗುವುದಿಲ್ಲ. ವಾಂತಿಭೇದಿ ಹಿಡಿದ ನನ್ನ ತಮ್ಮನನ್ನು ಅವರ ಕೈಗೇ ಒಪ್ಪಿಸಿದ್ದೇನೆ. ಇನ್ನು ನಾನು ನಿಶ್ಚಿಂತೆಯಿಂದ ಇರಬಹುದಲ್ಲವೇ?" ಎಂದು ಶಿಷ್ಯ ಮರಿಬಸವ ಕೇಳಿದ.

"ಜಗಳವಿಲ್ಲ ಅಂತ ಹೆಮ್ಮೆಯೇನೋ ನಿನಗೆ? ಕೂತುಕೋ" ಎಂದು ಗದರಿ, ಗುರುಗಳು ಈ ಕತೆ ಹೇಳಿದರು.

ಒಬ್ಬ ಕುಂಬಾರನಿದ್ದ. ಅವನ ಹೆಂಡತಿಗೂ ನಿನ್ನ ತಮ್ಮನಿಗೆ ಬಂದ ಕಾಯಿಲೆಯೇ ಬಂತು. ಅವಳೆಂದರೆ ಅವನಿಗೆ ಪಂಚಪ್ರಾಣ. ಊರಿನ ಪಂಡಿತರನ್ನು ಕರೆಸಿದ, ಪೇಟೆಯ ಡಾಕ್ಟರನ್ನೂ ಕರೆಸಿದ. ಇಬ್ಬರೂ ಹಿಂದೆ ಹಾವು ಮುಂಗುಸಿಯ ಹಾಗೆ ಕಚ್ಚಾಡಿದವರೇ. ಊರವರು ಹೇಗೋ ರಾಜಿ ಮಾಡಿಸಿದ್ದರು. ಎಂಥ ರಾಜಿ ಅಂತೀಯ! ಒಬ್ಬರಿಗೊಬ್ಬರು ಅಡ್ಡ ಬರಬಾರದೆಂದು ಪಂಡಿತರು ಬೆಳಿಗ್ಗೆ ಬರುತ್ತಿದ್ದರು, ಡಾಕ್ಟರು ಸಂಜೆ ಬರುತ್ತಿದ್ದರು. ಆಹಾ, ಏನು ಮರ್ಯಾದೆ!

ಮಂಚದ ತಲೆದೆಸೆಯಲ್ಲಿ ಇನ್ನೊಬ್ಬ ಕುಳಿತಿರುತ್ತಿದ್ದ. ಬಿಳಿ ಬಟ್ಟೆ, ಸಣ್ಣ ದನಿ. ಯಾವಾಗಲೂ ರೋಗಿಯ ಕೈ ಹಿಡಿದುಕೊಂಡೇ ಇರುತ್ತಿದ್ದ. ಪಂಡಿತರು ಅವನನ್ನು ಡಾಕ್ಟರ ಕಾಂಪೌಂಡರ್ ಎಂದುಕೊಂಡರು. ಡಾಕ್ಟರು ಪಂಡಿತರ ಶಿಷ್ಯ ಎಂದುಕೊಂಡರು. ಇಬ್ಬರಲ್ಲಿ ಯಾರೋ ಪುಣ್ಯಾತ್ಮರು ಕಳಿಸಿದ್ದಾರೆ ಎಂದುಕೊಂಡು ಕುಂಬಾರ ಅವನಿಗೆ ಕಾಫಿ ತಂದಿಡುತ್ತಿದ್ದ. ಕಾಫಿ ಕೆನೆಗಟ್ಟಿ ಹಾಗೇ ಉಳಿಯುತ್ತಿತ್ತು. 'ಅವರ ಕೈ ಎಷ್ಟು ತಣ್ಣಗಿದೆ ಗೊತ್ತಾ' ಎಂದು ಹೆಂಡತಿ ಹೇಳಿದಾಗ, ಪಾಪ, ಮೈ ಸುಡುವವಳಿಗೆ ಹಿತವಾಗಿರಬೇಕು ಎಂದು ಸಂತೋಷವನ್ನೂ ಪಟ್ಟ.

ಡಾಕ್ಟರು ಗ್ಲೂಕೋಸ್ ಬಾಟಲಿ ಏರಿಸಿದ್ದರು. ಬೆಳಿಗ್ಗೆ ಬಂದ ಪಂಡಿತರು ಅದನ್ನು ನೋಡಿ, ನೀರಿನ ಚಿಂತೆ ಡಾಕ್ಟರದು, ನಾನು ಕೈ ಹಾಕಬಾರದು ಎಂದು ತಾವು ಕುಡಿಸುತ್ತಿದ್ದ ಗಂಜಿ ನಿಲ್ಲಿಸಿದರು. ಗಂಜಿಯ ಮಡಕೆ ಒಲೆಯ ಪಕ್ಕದಲ್ಲೇ ಇತ್ತು. ಸಂಜೆ ಬಂದ ಡಾಕ್ಟರು ಅದನ್ನು ನೋಡಿ, ಪಂಡಿತರು ಕುಡಿಸುತ್ತಿದ್ದಾರಲ್ಲ ಎಂದು ಬಾಟಲಿ ಇಳಿಸಿದರು. 'ಹೊಟ್ಟೆಗೆ ಏನಾದರೂ ಹೋಗುತ್ತಿದೆಯೇ?' ಎಂದು ಕೇಳಿದಾಗ ತಲೆದೆಸೆಯವನು, 'ಪಂಡಿತರು ನೋಡಿಕೊಂಡಿದ್ದಾರೆ' ಎಂದ. ಮರುದಿನ ಪಂಡಿತರು ಕೇಳಿದರು. 'ಡಾಕ್ಟರು ನೋಡಿಕೊಂಡಿದ್ದಾರೆ' ಎಂದ.

ಹೆಂಡತಿಯ ತುಟಿ ಒಣಗಿ ಒಡೆದದ್ದು ಕುಂಬಾರನಿಗೆ ಕಾಣುತ್ತಿತ್ತು. ದೊಡ್ಡವರ ನಡುವೆ ಬಾಯಿ ಹಾಕಲು ಅವನಿಗೆ ಭಯ. ಅಯ್ಯೋ, ಅವನೊಬ್ಬ ಬಾಯಿ ಬಿಟ್ಟಿದ್ದರೂ ಸಾಕಿತ್ತು ಕಣೋ! ಕೊನೆಗೆ ತಡೆಯಲಾರದೆ ಇಬ್ಬರ ಕಾಲಿಗೂ ಬಿದ್ದು ಒಟ್ಟಿಗೆ ಕರೆತಂದ.

ಒಳಗೆ ಬಂದ ಪಂಡಿತರು ನಗುತ್ತಾ, 'ನಿಮ್ಮ ಹುಡುಗ ಬಹಳ ನಿಷ್ಠೆಯವನು ಡಾಕ್ಟರೇ. ಮಂಚ ಬಿಟ್ಟು ಏಳುವುದೇ ಇಲ್ಲ' ಎಂದರು.

'ನನ್ನ ಹುಡುಗನೇ? ಅವನು ನಿಮ್ಮವನಲ್ಲವೇ?' ಎಂದರು ಡಾಕ್ಟರು.

ತಲೆದೆಸೆಯವನು ಅವಳ ಕೈ ಬಿಟ್ಟು ಎದ್ದ. ಇಬ್ಬರಿಗೂ ವಿನಯದಿಂದ ಕೈಮುಗಿದ. ಅವರ ನಡುವೆಯೇ ಹಾದು ಹೊರಗೆ ಹೋದ. ಕುಂಬಾರ ಹೆಂಡತಿಯನ್ನು ಕೂಗಿದ. ಅವಳು ಓಗೊಡಲಿಲ್ಲ. ಆಗ ಪಂಡಿತರು ಎಡಗೈ ನಾಡಿ ಹಿಡಿದರು, ಡಾಕ್ಟರು ಬಲಗೈ ನಾಡಿ ಹಿಡಿದರು. ಆಗ ಹಿಡಿದು ಏನು ಬಂತು?

ಗುರುಗಳು ಕತೆ ಮುಗಿಸಿದರು. ಮರಿಬಸವ ನಗಲು ನೋಡಿದ. ನಗು ಬರಲಿಲ್ಲ.

"ಹೆದರಿಸಬೇಡಿ ಬುದ್ಧೀ. ನಮ್ಮಲ್ಲಿ ಹಾಗಾಗುವುದಿಲ್ಲ. ಅವರಿಬ್ಬರೂ ಇಲ್ಲದಿದ್ದಾಗ ತಮ್ಮನನ್ನು ನೋಡಿಕೊಳ್ಳುವುದಕ್ಕೇ ಒಬ್ಬರನ್ನು ತಾವು ಕಳಿಸಿದ್ದೀರಲ್ಲ. ಈಗಲೂ ಅವರನ್ನು ಕೂರಿಸಿಯೇ ಬಂದೆ."

"ನಾನು ಯಾರನ್ನೂ ಕಳಿಸಿಲ್ಲವಲ್ಲೋ" ಎಂದರು ಗುರುಗಳು.